ಹೈಟಿ ಭೂಕಂಪ, 4636 ಅನ್ನೋ ನಂಬರ್, ಕ್ರಿಯೋಲ್ ಮೆಸೇಜ್‌ಗಳು: ಒಂದು ಪ್ರಕರಣ ಅಧ್ಯಯನ

ಕಂಪ್ಯೂಟರಿಗೆ ಭಾಷೆ ಕಲಿಸೋ ರಿಸರ್ಚ್ ನಿಜವಾದ ಆಪತ್ತು ಬಂದಾಗ ಎಷ್ಟು ಕೈ ಹಿಡಿಯುತ್ತೆ, ಎಲ್ಲಿ ಕೈ ಬಿಡುತ್ತೆ ಅನ್ನೋದಕ್ಕೆ ನನಗೆ ಗೊತ್ತಿರೋ ಅತ್ಯಂತ ಸ್ಪಷ್ಟ ಉದಾಹರಣೆ 2010ರ ಹೈಟಿ. ಎನ್‌ಎಲ್‌ಪಿ (ಅದೇ, ಕಂಪ್ಯೂಟರಿಗೆ ಮನುಷ್ಯರ ಭಾಷೆ ಕಲಿಸೋ ವಿಷಯ) ಓದೋ ಹುಡುಗರು ಹುಡುಗೀರು ಬೆಂಚ್‌ಮಾರ್ಕ್ ನಂಬರ್‌ಗಳನ್ನ ಬಾಯಿಪಾಠ ಮಾಡೋಕೆ ಮುಂಚೆ ಈ ಕೇಸ್ ಒಂದ್ಸಲ ಪೂರ್ತಿ ಓದ್ಬೇಕು ಅನ್ನೋದು ನನ್ನ ಆಸೆ, ಅದಕ್ಕೇ ಸ್ವಲ್ಪ ಉದ್ದ ಆದ್ರೂ ಪರವಾಗಿಲ್ಲ ಅಂತ ಬರೀತಿದೀನಿ.

2010ರ ಜನವರಿ 12, ಅಲ್ಲಿನ ಸಮಯ ಸಂಜೆ 4:53. ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಿಂದ ಪಶ್ಚಿಮಕ್ಕೆ ಸುಮಾರು 25 ಕಿಲೋಮೀಟರ್ ದೂರದ ಲಿಯೋಗಾನ್ ಹತ್ರ 7.0 ತೀವ್ರತೆಯ ಭೂಕಂಪ ಆಯ್ತು. ಅಧ್ಯಕ್ಷರ ಅರಮನೆ ಕುಸೀತು, ವಿಶ್ವಸಂಸ್ಥೆಯ ಕಚೇರಿ ಇದ್ದ ಕಟ್ಟಡವೇ ಬಿತ್ತು, ಅಂದ್ರೆ ಸಹಾಯ ಮಾಡ್ಬೇಕಾಗಿದ್ದವರೇ ಮಣ್ಣಿನಡಿ ಸಿಕ್ಕಿಕೊಂಡ್ರು. ಎಷ್ಟು ಜನ ಸತ್ರು ಅನ್ನೋ ಲೆಕ್ಕ ಇವತ್ತಿಗೂ ಒಂದಾಗಿಲ್ಲ, ಅಲ್ಲಿನ ಸರ್ಕಾರ ಹೇಳಿದ್ದು 3 ಲಕ್ಷಕ್ಕೂ ಮೇಲೆ, ಬೇರೆ ಅಂದಾಜುಗಳು ಅದಕ್ಕಿಂತ ತುಂಬ ಕಮ್ಮಿ ಇವೆ. ಪೊಲೀಸು, ಆಂಬುಲೆನ್ಸು, ತುರ್ತು ಸೇವೆ ಅಂತ ಇದ್ದಿದ್ದೆಲ್ಲ ನಿಂತೋಯ್ತು. ಆದ್ರೆ ಮೊಬೈಲ್‌ನಲ್ಲಿ ಎಸ್‌ಎಂಎಸ್ ಮಾತ್ರ ಹೋಗ್ತಿತ್ತು, ಈ ಇಡೀ ಕಥೆ ನಿಂತಿರೋದು ಅದರ ಮೇಲೆ.

ಕೆಲವೇ ದಿನದಲ್ಲಿ ಒಂದಷ್ಟು ಸಂಸ್ಥೆಗಳು ಸೇರಿ ಅಲ್ಲಿನ ಮೊಬೈಲ್ ಕಂಪನಿಗಳ ಸಹಾಯದಿಂದ 4636 ಅನ್ನೋ ಶಾರ್ಟ್ ನಂಬರ್ ತೆರೆದ್ರು. ಹೈಟಿ ಒಳಗಿಂದ ಯಾರು ಬೇಕಾದ್ರೂ ದುಡ್ಡು ಕೊಡದೆ ಅದಕ್ಕೆ ಮೆಸೇಜ್ ಹಾಕಬಹುದಿತ್ತು, ಎಲ್ಲಿದೀನಿ, ಏನು ಬೇಕು ಅಂತ. ರೇಡಿಯೋದಲ್ಲಿ ಆ ನಂಬರ್ ಹೇಳಿದ್ರು, ಮೆಸೇಜ್ ಸುರಿಯೋಕೆ ಶುರುವಾಯ್ತು. ಈಗ ಸಮಸ್ಯೆ ನೋಡಿ. ಆ ಹೊತ್ತಲ್ಲಿ ಸಹಾಯಕ್ಕೆ ಬಂದಿದ್ದ ಮುಖ್ಯ ಪಡೆ ಅಮೆರಿಕಾ ಸೇನೆ, ಅವರಿಗೆ ಬರೋದು ಇಂಗ್ಲಿಷ್. ಮೆಸೇಜ್ ಬರ್ತಿದ್ದಿದ್ದು ಹೆಚ್ಚಾಗಿ ಹೈಟಿಯನ್ ಕ್ರಿಯೋಲ್‌ನಲ್ಲಿ.

ಈ ಭಾಷೆ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಹೈಟಿಯಲ್ಲಿ ಹೆಚ್ಚುಕಮ್ಮಿ ಎಲ್ಲರೂ ಮಾತಾಡೋದು ಕ್ರಿಯೋಲ್, ಫ್ರೆಂಚ್ ಚೆನ್ನಾಗಿ ಬರೋದು ಶಾಲೆ ಕಲಿತ ಸಣ್ಣ ಗುಂಪಿಗೆ. ಆದ್ರೂ ಕ್ರಿಯೋಲ್‌ಗೆ ಫ್ರೆಂಚ್ ಜೊತೆ ಆಡಳಿತ ಭಾಷೆಯ ಸ್ಥಾನ ಸಿಕ್ಕಿದ್ದು 1987ರ ಸಂವಿಧಾನದಲ್ಲಿ, ಅದಕ್ಕೊಂದು ಅಧಿಕೃತ ಬರವಣಿಗೆ ಕ್ರಮ ಬಂದಿದ್ದು 1979ರ ಹೊತ್ತಿಗೆ. ಪದಗಳು ಬಹಳಷ್ಟು ಫ್ರೆಂಚ್‌ನಿಂದ ಬಂದಿವೆ, ವ್ಯಾಕರಣ ಮಾತ್ರ ಬೇರೆಯೇ. ಕ್ರಿಯಾಪದ ಬದಲಾಗೋದೇ ಇಲ್ಲ, ಮುಂದೆ ‘ತೆ’ ಹಾಕಿದ್ರೆ ಆಗಿಹೋಗಿದ್ದು, ‘ಆಪ್’ ಹಾಕಿದ್ರೆ ಈಗ ಆಗ್ತಿರೋದು. ಹಾಗಾಗಿ ಫ್ರೆಂಚ್ ಗೊತ್ತಿರೋವರು ಅರ್ಧಂಬರ್ಧ ಊಹಿಸ್ಕೋಬಹುದೇ ಹೊರತು ನೆಚ್ಚಿಕೊಳ್ಳೋಕಾಗಲ್ಲ. ‘ಗೋಡೆ ಕೆಳಗೆ ಇದಾರೆ’ ಅನ್ನೋದಕ್ಕೂ ‘ಇದ್ರು’ ಅನ್ನೋದಕ್ಕೂ ನಡುವಿನ ವ್ಯತ್ಯಾಸದ ಮೇಲೆ ಹೆಲಿಕಾಪ್ಟರ್ ಕಳಿಸೋ ತೀರ್ಮಾನ ನಿಂತಿರುವಾಗ ಅರ್ಧಂಬರ್ಧ ಸಾಕಾಗಲ್ಲ ಅಲ್ವಾ.

ಆ ಜನವರಿ 12ರಂದು ದೊಡ್ಡ ಆನ್‌ಲೈನ್ ಟ್ರಾನ್ಸ್‌ಲೇಟರ್‌ಗಳಲ್ಲಿ ಕ್ರಿಯೋಲ್ ಇರಲಿಲ್ಲ. ಒಂದು ಕೋಟಿ ಹತ್ರ ಜನ ಆಡೋ ಭಾಷೆ ಅದು.

ಹಾಗಾದ್ರೆ ಮೆಸೇಜ್‌ಗಳನ್ನ ಓದಿದ್ದು ಯಾರು? ಮನುಷ್ಯರು. ಸ್ಟ್ಯಾನ್‌ಫರ್ಡ್‌ನಲ್ಲಿ ಆಗ ಭಾಷಾಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದ ರಾಬರ್ಟ್ ಮನ್ರೋ ಅನ್ನೋವರು ಅನುವಾದದ ಕೆಲಸ ಹೊಂದಿಸಿದ್ರು, ಹೊರದೇಶದಲ್ಲಿರೋ ಹೈಟಿಯವರು, ಕ್ರಿಯೋಲ್ ಬಲ್ಲವರು ಇಂಟರ್ನೆಟ್ ಮೂಲಕ ಸೇರ್ಕೊಂಡ್ರು. ಬೇರೆ ಬೇರೆ ದೇಶಗಳಲ್ಲಿ ಕೂತ ಸುಮಾರು 2000 ಜನ. ಒಂದು ಮೆಸೇಜ್ ಬಂದ್ರೆ ಅದನ್ನ ಇಂಗ್ಲಿಷ್‌ಗೆ ತರೋದು, ಅದು ಯಾವ ಥರದ್ದು ಅಂತ ಗುರುತು ಹಾಕೋದು (ನೀರು, ಊಟ, ಗಾಯ, ಸಿಕ್ಕಿಕೊಂಡಿರೋರು), ಆಮೇಲೆ ಆ ಜಾಗ ಮ್ಯಾಪ್‌ನಲ್ಲಿ ಎಲ್ಲಿದೆ ಅಂತ ಹುಡುಕಿ ಅಕ್ಷಾಂಶ ರೇಖಾಂಶ ಹಾಕೋದು, ಇಷ್ಟೂ ಮುಗಿಸಿ ಸಹಾಯ ಪಡೆಗಳಿಗೆ ವಾಪಸ್ ಹೋಗೋಕೆ ಸರಾಸರಿ 10 ನಿಮಿಷ. ಮೊದಲ ಆರು ವಾರದಲ್ಲೇ 40,000ಕ್ಕೂ ಹೆಚ್ಚು ಮೆಸೇಜ್ ಈ ದಾರೀಲಿ ಹೋದವು, ಒಟ್ಟು ಲೆಕ್ಕ 80,000 ಮುಟ್ಟಿತು. ನೂರಾರು ಜೀವ ಉಳೀತು ಅಂತ ಸಹಾಯ ಪಡೆಯವರೇ ಹೇಳಿದ್ದಾರೆ. ಸ್ವಲ್ಪ ದಿನದ ಮೇಲೆ ಈ ಕೆಲಸದ ಒಂದು ಭಾಗ ಹೈಟಿಯ ಮಿರ್‌ಬಾಲೆ ಅನ್ನೋ ಊರಿಗೇ ಹೋಯ್ತು, ಅಲ್ಲಿನವರಿಗೆ ಕೂಲಿ ಕೊಟ್ಟು ಮಾಡಿಸಿದ್ರು.

ಒಂದು ಮೆಸೇಜ್ ಈ ಕೇಸ್ ಬಗ್ಗೆ ಬರೆದ ಪೇಪರ್‌ಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಮಿಲೋ ಅನ್ನೋ ಊರಲ್ಲಿರೋ ಸಾಕ್ರೆ-ಕೆರ್ ಆಸ್ಪತ್ರೆ, ಓಕಾಪ್‌ನಿಂದ ದಕ್ಷಿಣಕ್ಕೆ 14 ಕಿಲೋಮೀಟರ್, ರೋಗಿಗಳನ್ನ ತಗೊಳ್ಳೋಕೆ ತಯಾರಿದೆ, ಗಾಯ ಆದವರು ಅಲ್ಲಿಗೆ ಬನ್ನಿ ಅನ್ನೋದು ಅದರ ಸಾರ. ಭೂಕಂಪ ದಕ್ಷಿಣದಲ್ಲಿ ಆಗಿದ್ರಿಂದ ಉತ್ತರದ ಆ ಆಸ್ಪತ್ರೆ ನೆಟ್ಟಗೆ ನಿಂತಿತ್ತು. ಎಷ್ಟು ಬೆಲೆಬಾಳೋ ಮಾಹಿತಿ ನೋಡಿ. ಆದ್ರೆ ಆಗ ಓಕಾಪ್ ಅಂತ ಮ್ಯಾಪ್‌ನಲ್ಲಿ ಹುಡುಕಿದ್ರೆ ಸಿಗ್ತಿರಲಿಲ್ಲ, ಮ್ಯಾಪ್‌ನಲ್ಲಿದ್ದಿದ್ದು ಕ್ಯಾಪ್-ಹೈಟಿಯನ್. ಓಕಾಪ್ ಅನ್ನೋದು ಊರವರು ಕರೆಯೋ ಹೆಸರು. ಅನುವಾದ ಮಾಡ್ತಿದ್ದವರು ಒಬ್ಬರನ್ನೊಬ್ಬರು ಆನ್‌ಲೈನ್‌ನಲ್ಲೇ ಕೇಳ್ಕೊಂಡು, ಆ ಕಡೆಯವರು ಯಾರಾದ್ರೂ ಇದ್ರೆ ಅವರಿಂದ ತಿಳ್ಕೊಂಡು ಜಾಗ ಹಾಕ್ತಿದ್ರು. ಈಗಿನ ಯಾವುದೇ ದೊಡ್ಡ ಲಾಂಗ್ವೇಜ್ ಮಾಡೆಲ್‌ಗೆ ಓಕಾಪ್ ಗೊತ್ತಿರಬಹುದು, ಆದ್ರೆ ಯಾವುದೋ ಕೇರಿಯ ಅಡ್ಡಹೆಸರು, ‘ಆ ಚರ್ಚ್ ಹಿಂದಿನ ಮನೆ’ ಅನ್ನೋ ಗುರುತು ಮಾಡೆಲ್ ಕಲಿತ ಟೆಕ್ಸ್ಟ್‌ನಲ್ಲಿ ಇರೋ ಸಾಧ್ಯತೆ ತುಂಬ ಕಮ್ಮಿ, ಅದು ಹೆಚ್ಚಾಗಿ ಅಲ್ಲಿ ಬದುಕಿದವರ ತಲೇಲೇ ಇರುತ್ತೆ. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ಸೋದು ಇದೇ ಭಾಗ.

ಇನ್ನು ಮಷೀನ್ ಟ್ರಾನ್ಸ್‌ಲೇಷನ್ ಕಡೆ ಏನಾಯ್ತು ಅಂತ ಬರ್ತೀನಿ. ಭೂಕಂಪ ಆಗಿ ಒಂದು ವಾರಕ್ಕೆ ಮೈಕ್ರೋಸಾಫ್ಟ್‌ನ ಟ್ರಾನ್ಸ್‌ಲೇಟರ್ ತಂಡಕ್ಕೆ ಕ್ರಿಯೋಲ್ ಬೇಕು ಅಂತ ಕೋರಿಕೆ ಬಂತು. ಅವರ ಹತ್ರ ಕ್ರಿಯೋಲ್‌ಗೆ ಅಂತ ಏನೂ ಇರಲಿಲ್ಲ, ಸೊನ್ನೆಯಿಂದ ಶುರು ಮಾಡಿ 4 ದಿನ 17 ಗಂಟೆ 30 ನಿಮಿಷದಲ್ಲಿ ಜನ ಬಳಸೋ ಹಾಗೆ ಹೊರಗೆ ಬಿಟ್ರು. ಆ ತಂಡದ ವಿಲ್ ಲೂಯಿಸ್ ಅದೇ ವರ್ಷ ಬರೆದ ಪೇಪರ್‌ನ ಶೀರ್ಷಿಕೆಯಲ್ಲೇ ಈ ಲೆಕ್ಕ ಇದೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಗೂಗಲ್ ಕೂಡ ಕ್ರಿಯೋಲ್ ಸೇರಿಸ್ತು. ಆಗ ನ್ಯೂರಲ್ ಮಾಡೆಲ್‌ಗಳ ಕಾಲ ಅಲ್ಲ, ಸ್ಟ್ಯಾಟಿಸ್ಟಿಕಲ್ ಎಂಟಿ (ಎಂಟಿ ಅಂದ್ರೆ ಮಷೀನ್ ಟ್ರಾನ್ಸ್‌ಲೇಷನ್). ಅಂದ್ರೆ ಒಂದೇ ವಾಕ್ಯ ಎರಡು ಭಾಷೆಯಲ್ಲಿ ಅಕ್ಕಪಕ್ಕ ಇರೋ ಜೋಡಿಗಳನ್ನ ರಾಶಿ ಹಾಕಿದ್ರೆ, ಈ ಕಡೆಯ ಯಾವ ಪದಗುಚ್ಛ ಆ ಕಡೆ ಯಾವುದರ ಜೊತೆ ಎಷ್ಟು ಸಲ ಬಂದಿದೆ ಅಂತ ಎಣಿಸಿ ಅನುವಾದ ಕಟ್ಟೋ ವಿಧಾನ. ಎಂಜಿನ್ ಎಲ್ಲ ಭಾಷೆಗೂ ಒಂದೇ, ಡೇಟಾ ಹಾಕಿದ್ರೆ ಓಡುತ್ತೆ. ಪ್ರಶ್ನೆ ಇದ್ದಿದ್ದು ಡೇಟಾ ಎಲ್ಲಿಂದ ತರೋದು ಅಂತ.

ಆ ಡೇಟಾ ಬಂದಿದ್ದು ಹಳೇ ಪ್ರಾಜೆಕ್ಟ್ ಒಂದರಿಂದ. 1994ರಲ್ಲಿ ಅಮೆರಿಕಾ ಸೇನೆ ಹೈಟಿಗೆ ಹೋಗಿತ್ತು, ಅದಾದ ಮೇಲೆ ಕಾರ್ನೆಗಿ ಮೆಲನ್ ಯೂನಿವರ್ಸಿಟಿಯಲ್ಲಿ ಡಿಪ್ಲೊಮ್ಯಾಟ್ ಅನ್ನೋ ಪ್ರಾಜೆಕ್ಟ್ ನಡೀತು, ಮಾತಾಡಿದ್ದನ್ನ ಕೇಳಿ ಇನ್ನೊಂದು ಭಾಷೆಯಲ್ಲಿ ಹೇಳೋ ಹೊತ್ಕೊಂಡು ಹೋಗೋಂಥ ಮಷೀನ್ ಮಾಡೋಕೆ, ಅದರಲ್ಲಿ ಕ್ರಿಯೋಲ್ ಕೂಡ ಒಂದು ಭಾಷೆ. ಆ ಪ್ರಾಜೆಕ್ಟ್ ಮುಗೀತು, ಜನ ಬೇರೆ ಕೆಲಸಕ್ಕೆ ಹೋದ್ರು, ಆದ್ರೆ ಕಲೆ ಹಾಕಿದ್ದ ವಾಕ್ಯಗಳು, ಧ್ವನಿ ರೆಕಾರ್ಡಿಂಗ್, ಪದಪಟ್ಟಿ ಯಾರೋ ಎಸೀದೆ ಇಟ್ಟಿದ್ರು. ಭೂಕಂಪ ಆದಾಗ ಅದನ್ನ ಹುಡುಕಿ ತೆಗೆದು ಯಾರು ಬೇಕಾದ್ರೂ ಬಳಸ್ಕೊಳ್ಳಿ ಅಂತ ಬಿಟ್ಟುಕೊಟ್ರು. ಅದರಲ್ಲಿ ಡಾಕ್ಟರ್ ರೋಗಿ ಮಾತುಕತೆಯ ವಾಕ್ಯಗಳೂ ಇದ್ದವು, ‘ಎಲ್ಲಿ ನೋವು’, ‘ಯಾವಾಗಿಂದ’ ಅನ್ನೋ ಥರದ್ದು, ಸಾವಿರ ಚಿಲ್ಲರೆ ಅಷ್ಟೇ, ಆದ್ರೆ ಆ ವಾರಕ್ಕೆ ಬೇಕಾಗಿದ್ದು ಸರಿಯಾಗಿ ಅದೇ. ಮಲೆನಾಡಲ್ಲಿ ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿ ಇಡ್ತಾರಲ್ಲ, ಮಳೆ ಹಿಡಿದ ಮೇಲೆ ಕಡಿಯೋಕೆ ಹೋದ್ರೆ ಹಸಿ ಸೌದೆ ಉರಿಯಲ್ಲ ಅಂತ, ಭಾಷೆಯ ಡೇಟಾನೂ ಹಾಗೇ.

ಸಿಕ್ಕ ಉಳಿದ ಡೇಟಾ ಏನು ಅಂದ್ರೆ ಬೈಬಲ್, ಸುಮಾರು 30 ಸಾವಿರ ವಚನ, ಒಂದೆರಡು ಆನ್‌ಲೈನ್ ಡಿಕ್ಷನರಿ, ವಿಕಿಪೀಡಿಯಾದಿಂದ ಹೆಕ್ಕಿದ್ದು, ಸ್ವಲ್ಪ ಸುದ್ದಿ. ಚಿಕ್ಕ ಭಾಷೆಗಳ ಮೇಲೆ ಕೆಲಸ ಮಾಡೋ ಎಲ್ಲರಿಗೂ ಈ ಪಟ್ಟಿ ಚೆನ್ನಾಗಿ ಗೊತ್ತು, ಮೊದಲು ಸಿಗೋದು ಯಾವಾಗಲೂ ಬೈಬಲ್ಲೇ. ಅದರಲ್ಲಿ ‘ಪ್ರವಾದಿ’ ಸಿಗುತ್ತೆ, ‘ಟೆಂಟ್’ ಬೇಕಾದ್ರೂ ಸಿಗುತ್ತೆ, ‘ಮೂರು ದಿನದಿಂದ ನೀರಿಲ್ಲ, ಡೆಲ್ಮಾಸ್ ರಸ್ತೇಲಿದೀವಿ’ ಅಂತ ಮೊಬೈಲ್‌ನಲ್ಲಿ ಒತ್ತಿದ ಭಾಷೆ ಸಿಗಲ್ಲ. ಡೊಮೇನ್ (ಭಾಷೆ ಬಳಕೆಯಾಗೋ ಸಂದರ್ಭ) ಬೇರೆ ಅಂತ ಪೇಪರ್‌ಗಳಲ್ಲಿ ಒಂದೇ ಪದದಲ್ಲಿ ಮುಗಿಸಿಬಿಡ್ತೀವಿ ನಾವು, ಆ ಪದದ ಹಿಂದೆ ಏನಿದೆ ಅಂತ ಹೈಟಿ ಕೇಸ್‌ನಲ್ಲಿ ಕಣ್ಣಿಗೆ ಹೊಡೆಯೋ ಹಾಗೆ ಕಾಣುತ್ತೆ.

ಇನ್ನೊಂದು ದೊಡ್ಡ ತೊಡಕು ಸ್ಪೆಲ್ಲಿಂಗ್. ಬರವಣಿಗೆ ಕ್ರಮ ಗಟ್ಟಿಯಾಗಿ ಶಾಲೇಲಿ ಕಲಿಸದ ಭಾಷೆಯಲ್ಲಿ ಜನ ಕೇಳಿದ ಹಾಗೆ ಬರೀತಾರೆ, ಕೆಲವರು ಫ್ರೆಂಚ್ ಥರ ಬರೀತಾರೆ, ಕೆಲವರು ಹೊಸ ಕ್ರಮದಲ್ಲಿ, ಇನ್ನು ಮೊಬೈಲ್ ಮೇಲೆ ಅವಸರದಲ್ಲಿ ಅಕ್ಷರ ನುಂಗಿ. ಜೊತೆಗೆ ಕ್ರಿಯೋಲ್‌ನಲ್ಲಿ ಸರ್ವನಾಮ ಮೊಟಕಾಗುತ್ತೆ. ‘ಅವನು/ಅವಳು/ಅದು’ ಅನ್ನೋ ‘ಲಿ’ ಜೊತೆ ‘ಆಪ್’ ಸೇರಿದ್ರೆ ಒಬ್ಬರು ನಡುವೆ ಜಾಗ ಬಿಟ್ಟು ‘ಲ್ ಆಪ್’ ಅಂತಾರೆ, ಒಬ್ಬರು ನಡುವೆ ಅಪಾಸ್ಟ್ರಫಿ (’) ಹಾಕಿ ಬರೀತಾರೆ, ಇನ್ನೊಬ್ಬರು ಒಟ್ಟಿಗೆ ‘ಲಾಪ್’ ಅಂತ. ಆ ಆಸ್ಪತ್ರೆ ಮೆಸೇಜ್‌ನಲ್ಲೂ ‘ಲಾಪ್’ ಅಂತಲೇ ಇದೆ. ಪದಗಳನ್ನ ಎಣಿಸೋ ಮಷೀನಿಗೆ ಇವು ಮೂರೂ ಮೂರು ಬೇರೆ ಬೇರೆ ವಸ್ತು. ಮೊದಲೇ ಡೇಟಾ ಒಂದು ಹಿಡಿ, ಅದೂ ಹಿಂಗೆ ಚೂರು ಚೂರಾದ್ರೆ ಎಣಿಕೆಗೆ ಉಳಿಯೋದೇನು. ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡೋ ನಮಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ‘ಬಿದ್ದಿದೆ’ ಅನ್ನೋದನ್ನ ಒಂದೇ ಮನೆಯ ನಾಲ್ಕು ಜನ ನಾಲ್ಕು ಥರ ಒತ್ತುತ್ತಾರೆ.

2011ರಲ್ಲಿ ಎಡಿನ್‌ಬರೋದಲ್ಲಿ ನಡೆದ ಮಷೀನ್ ಟ್ರಾನ್ಸ್‌ಲೇಷನ್ ವರ್ಕ್‌ಶಾಪ್‌ನಲ್ಲಿ 4636ರ ಮೆಸೇಜ್‌ಗಳನ್ನೇ (ಹೆಸರು ವಿಳಾಸ ತೆಗೆದು) ಸ್ಪರ್ಧೆಯ ಟಾಸ್ಕ್ ಆಗಿ ಇಟ್ರು. ಎರಡು ಥರದ ಟೆಸ್ಟ್ ಇತ್ತು, ಒಂದು ಬಂದ ಹಾಗೇ ಇರೋ ಮೆಸೇಜ್, ಇನ್ನೊಂದು ಮನುಷ್ಯರು ಸ್ಪೆಲ್ಲಿಂಗ್ ಸರಿಪಡಿಸಿದ್ದು. ಸರಿಪಡಿಸಿದ್ದರ ಮೇಲೆ ಸಿಸ್ಟಮ್‌ಗಳ ಸ್ಕೋರ್ ಮೇಲಿತ್ತು, ಅದರಲ್ಲಿ ಆಶ್ಚರ್ಯ ಇಲ್ಲ. ಆದ್ರೆ ಆಪತ್ತಿನ ಹೊತ್ತಲ್ಲಿ ಕೂತು ಸರಿಪಡಿಸೋರು ಇದ್ರೆ ಅವರೇ ಅನುವಾದಾನೂ ಮಾಡಿಬಿಡ್ತಿದ್ರಲ್ಲ, ಹಾಗಾಗಿ ನನ್ನ ಪ್ರಕಾರ ಲೆಕ್ಕಕ್ಕೆ ತಗೋಬೇಕಾದ ಸ್ಕೋರ್ ಬಂದ ಹಾಗೇ ಇರೋ ಮೆಸೇಜ್‌ಗಳದ್ದು ಮಾತ್ರ. ಅದೇ ವರ್ಕ್‌ಶಾಪ್‌ನಲ್ಲಿ ಲೂಯಿಸ್, ಮನ್ರೋ, ಸ್ಟೀಫನ್ ಫೋಗಲ್ ಮೂವರೂ ಸೇರಿ ಮುಂದಿನ ಆಪತ್ತಿಗೆ ಎಂಟಿ ತಯಾರಿ ಹೇಗಿರಬೇಕು ಅಂತ ಒಂದು ಕೈಪಿಡಿ ಥರದ ಪೇಪರ್ ಬರೆದ್ರು.

ಈಗ ರಿಸರ್ಚ್ ಕಡೆಯಿಂದ ನನಗೆ ತುಂಬಾ ಇಷ್ಟವಾದ ತುಂಡು. ಬರೋ ಮೆಸೇಜ್‌ಗಳಲ್ಲಿ ಎಲ್ಲವೂ ತುರ್ತಿನದ್ದಲ್ಲ. ದೇವರು ಕಾಪಾಡಲಿ ಅಂತ, ಕೆಲಸ ಬೇಕು ಅಂತ, ಸುದ್ದಿ ಏನು ಅಂತ ಕೇಳೋವು ಬಹಳ, ಸಹಾಯ ಪಡೆ ಹೊರಟು ಹೋಗಬಹುದಾದ ಮೆಸೇಜ್ ಕಮ್ಮಿ. ಅವನ್ನ ಮೇಲೆ ತಂದು ಕೊಟ್ರೆ ಓದೋ ಮನುಷ್ಯನ ಸಮಯ ಉಳಿಯುತ್ತೆ. ಮನ್ರೋ 2011ರಲ್ಲಿ 40,000 ಮೆಸೇಜ್ ಮೇಲೆ ಇದನ್ನ ಪರೀಕ್ಷೆ ಮಾಡಿದ್ರು. ಬರೀ ಪದಗಳನ್ನ ನೋಡಿ ವಿಂಗಡಿಸೋಕೆ ಹೋದ್ರೆ ವಿಂಗಡಣೆ ಎಷ್ಟು ಸರಿ ಅಂತ 0ಯಿಂದ 1ರ ತನಕ ಅಳೆಯೋ ಎಫ್ ಸ್ಕೋರ್ 0.21. ಪದ ಒಡೆದು ಒಳಗಿನ ಚೂರುಗಳನ್ನ ನೋಡಿದ್ರೆ, ಅಂದ್ರೆ ಸ್ಪೆಲ್ಲಿಂಗ್ ಹೇಗೇ ಇದ್ರೂ ಹಿಡಿಯೋ ಹಾಗೆ ಮಾಡಿದ್ರೆ, 0.33. ಇಲ್ಲಿಗೆ ನಿಲ್ಲಿಸಿದ್ರೆ ಇದು ಸೋತ ಪ್ರಯೋಗ. ಆದ್ರೆ ಮೆಸೇಜ್ ಎಲ್ಲಿಂದ ಬಂತು, ಯಾವಾಗ ಬಂತು, ಯಾವ ವಿಷಯ, ಯಾವ ಮೂಲ ಅನ್ನೋದನ್ನೂ ಸೇರಿಸಿದಾಗ ಅದು 0.86ಕ್ಕೆ ಹೋಯ್ತು! ಭಾಷೆಯ ಸಮಸ್ಯೆ ಅಂತ ನಾವು ಅಂದ್ಕೊಂಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಮೆಸೇಜ್‌ನ ಪದಗಳ ಹೊರಗೆ ಇತ್ತು, ಜಾಗ ಮತ್ತು ಹೊತ್ತಿನಲ್ಲಿ. ಆದ್ರೆ ನೆನಪಿಡಿ, ಆ ಜಾಗದ ಮಾಹಿತಿ ಅಲ್ಲಿ ಕೂರಿಸಿದ್ದು ಓಕಾಪ್ ಎಲ್ಲಿದೆ ಅಂತ ಗೊತ್ತಿದ್ದ ಜನ. ಮಷೀನ್‌ನ 0.86ರ ಒಳಗೆ ಅವರ ಬೆವರೂ ಇದೆ, ಇದನ್ನ ಬಿಟ್ಟು ಬರೀ ನಂಬರ್ ಹೇಳೋದು ನ್ಯಾಯ ಅಲ್ಲ.

ನ್ಯಾಯದ ಮಾತು ಬಂದಿದ್ರಿಂದ ಹೇಳ್ತೀನಿ. ಭೂಕಂಪದ ಮೇಲೆ ಈ ಕೆಲಸಕ್ಕೆ ಪ್ರಪಂಚದ ಸುದ್ದಿಪತ್ರಿಕೆಗಳಲ್ಲಿ ಹೊಗಳಿಕೆ ಸಿಕ್ಕಿತು, ಹೊಸ ಟೆಕ್ನಾಲಜಿ ಜೀವ ಉಳಿಸ್ತು ಅಂತ, ಮ್ಯಾಪ್ ಮೇಲೆ ಚುಕ್ಕೆ ಹಾಕಿದ ಹೊರಗಿನವರ ಫೋಟೋ ಬಂದವು. 2013ರಲ್ಲಿ ಮನ್ರೋ ಅವರೇ ಪೂರ್ತಿ ಲೆಕ್ಕ ತೆಗೆದು ಬರೆದ್ರು: ಹೆಚ್ಚು ಕೆಲಸ, ಹೆಚ್ಚು ವೇಗ, ಹೆಚ್ಚು ಸರಿಯಾದ ಅನುವಾದ ಬಂದಿದ್ದು ಹೈಟಿಯವರಿಂದ, ಹೊರಗೆ ನೆಲೆಸಿದ ಹೈಟಿಯವರಿಂದ, ಅವರ ಜೊತೆ ಹತ್ತಿರದಿಂದ ಕೆಲಸ ಮಾಡಿದವರಿಂದ, ಯಾವ ಹೊಸ ಟೆಕ್ನಾಲಜಿಯೂ ಹೇಳ್ಕೊಳ್ಳೋ ಪಾತ್ರ ವಹಿಸಲಿಲ್ಲ, ಅಂತರರಾಷ್ಟ್ರೀಯ ಸಂಸ್ಥೆಗಳಿಗೆ ಸಿಕ್ಕ ಹೆಸರು ತಪ್ಪು ವಿಳಾಸಕ್ಕೆ ಹೋಯ್ತು ಅಂತ. ಆ ಕೆಲಸ ಮುಂದೆ ನಿಂತು ನಡೆಸಿದ ಟೆಕ್ನಾಲಜಿ ಮನುಷ್ಯನೇ ಹೀಗೆ ಬರೆದಿದ್ದು ನಮ್ಮ ಫೀಲ್ಡ್‌ನಲ್ಲಿ ಅಪರೂಪ, ಅದಕ್ಕೆ ನನಗೆ ಆ ಪೇಪರ್ ಮೇಲೆ ತುಂಬಾ ಗೌರವ.

ಪ್ರೈವಸಿ ವಿಷಯವೂ ಮನ್ರೋ ಅವರ ಆ ಪೇಪರ್‌ನಲ್ಲೇ ಇದೆ. ಸಂಕಟದಲ್ಲಿರೋ ಮನುಷ್ಯ ಹೆಸರು, ಫೋನ್, ಮನೆ ಗುರುತು ಎಲ್ಲ ಬರೆದು ಕಳಿಸ್ತಾನೆ, ಅದು ಯಾರಾದ್ರೂ ಬಂದು ಕಾಪಾಡಲಿ ಅಂತ. ಅದನ್ನ ಎಲ್ಲರಿಗೂ ಕಾಣೋ ಮ್ಯಾಪ್ ಮೇಲೆ ಹಾಕೋಕೆ ಅವನು ಒಪ್ಪಿಗೆ ಕೊಟ್ಟಿರಲ್ಲ. ಇಂಥ ಕೆಲಸ ಮುಚ್ಚಿದ ಗುಂಪಿನೊಳಗೇ ನಡೀಬೇಕು ಅನ್ನೋದು ಅವರ ಶಿಫಾರಸು, ನನಗೂ ಅದೇ ಸರಿ ಅನ್ಸುತ್ತೆ, ಡೇಟಾಸೆಟ್ ದೊಡ್ಡದಾಗಬೇಕು ಅನ್ನೋ ನಮ್ಮ ಆಸೆಗಿಂತ ಅದು ಮೇಲೆ ನಿಲ್ಲಬೇಕು.

ನಮ್ಮ ಕಡೆಗೆ ಇದು ಹೇಗೆ ಮುಟ್ಟುತ್ತೆ ಅಂತ ಯೋಚಿಸಿದ್ರೆ ನನಗೆ ಮೊದಲು ನೆನಪಾಗೋದು 2018ರ ಆಗಸ್ಟ್, ಕೊಡಗಿನ ಭೂಕುಸಿತ. ಅಲ್ಲಿ ಕನ್ನಡ ಇದೆ, ಕೊಡವ ತಕ್ಕ್ ಇದೆ, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ತೋಟದ ಕೆಲಸಕ್ಕೆ ಬಂದವರ ಭಾಷೆಗಳು ಬೇರೆ. ವಿಳಾಸ ಅಂದ್ರೆ ಮನೆತನದ ಹೆಸರು, ಎಸ್ಟೇಟ್ ಹೆಸರು, ಲೈನ್‌ಮನೆ. ಮಡಿಕೇರಿಯನ್ನ ಮರ್ಕೇರಾ ಅನ್ನೋರು ಇನ್ನೂ ಇದಾರೆ. ಓಕಾಪ್ ಸಮಸ್ಯೆ ಅಲ್ಲೂ ಹಂಗೇ ಇರುತ್ತೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಬಂದಿದ್ದೇ 2024ರಲ್ಲಿ. ಕನ್ನಡದಲ್ಲಿ ಜನ ನಿಜವಾಗಿ ಟೈಪ್ ಮಾಡೋ ಬೆರಕೆ ಭಾಷೆಗೆ ಡೇಟಾಸೆಟ್‌ಗಳು ಬರ್ತಿವೆ, 2020ರಲ್ಲಿ ಬಂದ ಕನ್‌ಸಿಎಂಡಿಯಲ್ಲಿ 7,671 ಯೂಟ್ಯೂಬ್ ಕಾಮೆಂಟ್ ಇವೆ, ಭಾವನೆ ಮತ್ತೆ ಬೈಗುಳ ಗುರುತಿಸೋಕೆ ಮಾಡಿದ್ದು. ಒಳ್ಳೇ ಕೆಲಸ, ಬೇಕಾದ ಕೆಲಸ. ಆದ್ರೆ ಯೂಟ್ಯೂಬ್ ಕಾಮೆಂಟ್‌ನಿಂದ ಗುಡ್ಡ ಕುಸಿದ ಮನೆಯ ಮೆಸೇಜ್‌ಗೆ ಎಷ್ಟು ದೂರ ಅನ್ನೋದನ್ನ ಹೈಟಿಯ ಬೈಬಲ್ ನೋಡಿ ಅಂದಾಜು ಮಾಡ್ಕೋಬಹುದು. ಡಾಕ್ಟರ್ ರೋಗಿ ಮಾತುಕತೆಯ ಸಾವಿರ ವಾಕ್ಯ ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ, ಬ್ಯಾರಿಯಲ್ಲಿ ಬರೆಸಿ ಧ್ವನಿ ಸಮೇತ ಇಡೋಕೆ ದೊಡ್ಡ ಜಿಪಿಯು (ಮಾಡೆಲ್ ಓಡಿಸೋ ದುಬಾರಿ ಚಿಪ್) ಬೇಕಾಗಿಲ್ಲ, ಭಾಷೆ ಗೊತ್ತಿರೋ ನಾಲ್ಕು ಜನ, ಕೂಲಿ ಕೊಡೋಕೆ ಸ್ವಲ್ಪ ದುಡ್ಡು, ಪ್ರಾಜೆಕ್ಟ್ ಮುಗಿದ ಮೇಲೂ ಫೈಲ್ ಉಳಿಯೋ ಜಾಗ ಇದ್ರೆ ಸಾಕು. ಊರಿನ ಆಡುಹೆಸರುಗಳ ಪಟ್ಟಿ ಅದಕ್ಕಿಂತ ಸುಲಭ, ಒಂದು ಕಾಲೇಜಿನ ಮಕ್ಕಳು ರಜೇಲಿ ಮಾಡಬಹುದು.

ಕೊನೇದಾಗಿ ಡೇಟಾ ಸೈನ್ಸ್ ಕಲಿಯೋರಿಗೆ ಒಂದು ಮಾತು. ಆನ್‌ಲೈನ್ ಕೋರ್ಸ್‌ಗಳಲ್ಲಿ ಕೊಡೋ ಡಿಸಾಸ್ಟರ್ ರೆಸ್ಪಾನ್ಸ್ ಡೇಟಾಸೆಟ್ ಅಂತ ಒಂದಿದೆ, 26 ಸಾವಿರಕ್ಕೂ ಹೆಚ್ಚು ಮೆಸೇಜ್, 36 ವರ್ಗ, ನಿಮ್ಮಲ್ಲಿ ಕೆಲವರಾದ್ರೂ ಅದರ ಮೇಲೆ ಪ್ರಾಜೆಕ್ಟ್ ಮಾಡಿರ್ತೀರಿ. ಅದರಲ್ಲಿ ಹೈಟಿಯ ಮೆಸೇಜ್‌ಗಳೂ ಇವೆ. ಇಂಗ್ಲಿಷ್ ಅನುವಾದ ಒಂದು ಕಾಲಂ, ಮೂಲ ಭಾಷೆ ಇನ್ನೊಂದು ಕಾಲಂ. ಹೆಚ್ಚಿನ ಕೋಡ್ ನೋಟ್‌ಬುಕ್‌ಗಳಲ್ಲಿ ಆ ಮೂಲ ಕಾಲಂ ಅನ್ನ ಮೊದಲ ಸಾಲಲ್ಲೇ ಡ್ರಾಪ್ ಮಾಡಿ ಮುಂದೆ ಹೋಗ್ತಾರೆ. ಮುಂದಿನ ಸಲ ಮಾಡೋವಾಗ ಅದನ್ನ ಇಟ್ಕೊಳ್ಳಿ, ಇಂಗ್ಲಿಷ್ ಬಿಟ್ಟು ಆ ಕ್ರಿಯೋಲ್ ಮೇಲೆಯೇ ಅಕ್ಷರದ ಚೂರುಗಳನ್ನ ತಗೊಂಡು ಒಂದು ಸಣ್ಣ ಕ್ಲಾಸಿಫೈಯರ್ (ಮೆಸೇಜ್ ವಿಂಗಡಿಸೋ ಪ್ರೋಗ್ರಾಂ) ಓಡಿಸಿ ನೋಡಿ, ಸ್ಕೋರ್ ಎಲ್ಲಿ ಬೀಳುತ್ತೆ, ಯಾವ ವರ್ಗದಲ್ಲಿ ಬೀಳುತ್ತೆ ಅಂತ ಬರೆದಿಟ್ಕೊಳ್ಳಿ. ಅನುವಾದ ಮಾಡೋರು ಇನ್ನೂ ಲಾಗಿನ್ ಆಗಿರದ ಆ ಮೊದಲ ಗಂಟೆಗಳಲ್ಲಿ ಕೈಯಲ್ಲಿರೋದು ಆ ಕಾಲಂ ಒಂದೇ.